ಶಾಲೆ ಮಕ್ಕಳಿಗೆ ಕ್ವಾರ್ಟೆಟ್ ನುಡಿಸಬೇಕು: ಮೈಕು ಬೇಕಾ, ಬೇಡವಾ?

ಬಿಜೈ ಪಿಟೀಲು
ಜುಲೈ 6, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಬಿಜೈಯಲ್ಲಿ ಮನೆಯಲ್ಲೇ ವಯಲಿನ್ ಪಾಠ ಮಾಡುತ್ತೇನೆ, ಪಾಶ್ಚಾತ್ಯ ಶೈಲಿ. ನಮ್ಮದು ನಾಲ್ಕು ಜನರ ಗುಂಪು ಉಂಟು. ಎರಡು ವಯಲಿನ್, ವಯಲಿನ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಕೂತು ಮೊಣಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಚೆಲ್ಲೊ ಒಂದು. ಇದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಅಂತ ಹೆಸರು. ಎರಡನೇ ವಯಲಿನ್ ನನ್ನ ಹಳೇ ಶಿಷ್ಯೆ, ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ವಯೋಲಾ ಉಡುಪಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರದ್ದು. ನಾವೆಲ್ಲ ಅವರನ್ನು ಮಾಮ ಅಂತಲೇ ಕರೆಯುವುದು. ಚೆಲ್ಲೊ ಹುಡುಗ ಕಾರ್ಕಳದವನು, ಬೆಂಗಳೂರಿನಲ್ಲಿ ಕೆಲಸ.

ನಮಗೆ ಕಾಸು ಬರುವುದು ಮದುವೆ ರಿಸೆಪ್ಷನ್‌ಗಳಿಂದ. ಬಫೆ ಕ್ಯೂ ಪಕ್ಕ ಕೂತು ನುಡಿಸುತ್ತೇವೆ. ಯಾರೂ ನಮ್ಮನ್ನು ಕೇಳುವುದಿಲ್ಲ. ಐಸ್‌ಕ್ರೀಮ್ ಎಲ್ಲಿ ಅಂತ ಮಾತ್ರ ಕೇಳುತ್ತಾರೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ನಾಲ್ವರೂ ಖಾಲಿ. ಹಾಗಾಗಿ ಜುಲೈ ಕೊನೆಯ ವಾರ ಮಂಗಳೂರಿಂದ ಕುಂದಾಪುರದವರೆಗೆ ಐದು ಶಾಲೆ, ಶನಿವಾರ ಸಂಜೆ ಒಂದು ಸಣ್ಣ ಕಛೇರಿ ಅಂತ ಯೋಜನೆ ಹಾಕಿದ್ದೇವೆ. ಶಾಲೆಗಳಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ.

ಕಳೆದ ವರ್ಷ ಒಂದೇ ಒಂದು ಶಾಲೆಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದಿದ್ದೆವು. ಸಭಾಂಗಣದಲ್ಲಿ ಐನೂರು ಮಕ್ಕಳು. ನಾಲ್ಕನೇ ಸಾಲಿನ ನಂತರ ಗುಸುಗುಸು. ಒಬ್ಬರು ಮೇಷ್ಟ್ರು ಬೆತ್ತ ಹಿಡಿದು ಸಾಲಿನ ನಡುವೆ ಓಡಾಡಿದರು. ಮಕ್ಕಳು ಸುಮ್ಮನಾದರು, ಆದರೆ ಅವರ ಕಣ್ಣು ಇದ್ದದ್ದು ಬೆತ್ತದ ಮೇಲೆ. ನನಗೆ ಅವತ್ತು ಊಟ ಸೇರಲಿಲ್ಲ.

ಈಗ ನನ್ನ ಪ್ರಶ್ನೆ. ಮೈಕು ಇಡಬೇಕಾ? ಎಷ್ಟು ಮಕ್ಕಳಿಗೆ, ಎಷ್ಟು ಹೊತ್ತು? ಏನು ನುಡಿಸಿದರೆ ಅವರಿಗೆ ಹಿಡಿಸುತ್ತದೆ? ಸಿನಿಮಾ ಹಾಡು ನುಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಗೊತ್ತುಂಟು, ಅದನ್ನು ಬಿಟ್ಟು ಹೇಳಿ.

* * *

ಕುಂದಾಪುರದ ಮೇಷ್ಟ್ರು
ಜುಲೈ 7, ಬೆಳಿಗ್ಗೆ 6:15

ಅಕ್ಕ, ಮೊದಲಿಗೆ ಆ ಸಭಾಂಗಣ ಮರೆತುಬಿಡಿ. ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಇದ್ದವನು ಹೇಳುತ್ತಿದ್ದೇನೆ. ಎಲ್ಲ ಮಕ್ಕಳನ್ನು ಒಟ್ಟು ಸೇರಿಸಿದ ಕೂಡಲೇ ಅದು ಕಾರ್ಯಕ್ರಮ ಆಗುತ್ತದೆ. ಕಾರ್ಯಕ್ರಮ ಅಂದ ಮೇಲೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಎರಡು ಮಾತು, ವಂದನಾರ್ಪಣೆ. ನಿಮಗೆ ಉಳಿಯುವುದು ಕಾಲು ಗಂಟೆ.

ಕ್ಲಾಸಿನಿಂದ ಕ್ಲಾಸಿಗೆ ಹೋಗಿ. ಮೂವತ್ತು ಮಕ್ಕಳು, ಅರ್ಧ ಪೀರಿಯಡ್. ಬೆಂಚು ಗೋಡೆಗೆ ತಳ್ಳಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ. ಬಿಸಿಯೂಟಕ್ಕೆ ಮುಂಚೆ ಮುಗಿಸಿ. ಊಟದ ನಂತರ ನಿಮ್ಮ ಸಂಗೀತ ಜೋಗುಳ ಆಗುತ್ತದೆ, ತಪ್ಪು ನಿಮ್ಮದಲ್ಲ.

ಇನ್ನೊಂದು ಮಾತು. ಮೊದಲೇ ಫೋನ್ ಮಾಡಿ ಕೇಳಿ, ಹೆಂಚಿನ ಕೋಣೆಯಾ, ಶೀಟಿನ ಕೋಣೆಯಾ ಅಂತ. ನಮ್ಮ ಹೊಸ ಕೋಣೆಗಳಿಗೆ ಶೀಟು ಹಾಕಿದ್ದಾರೆ. ಮಳೆ ಬಂದರೆ ನಾನು ಪಾಠ ನಿಲ್ಲಿಸಿ ಮಕ್ಕಳಿಗೆ ಕಾಪಿ ಬರೆಯಲು ಹೇಳುತ್ತೇನೆ. ಹಳೇ ಹೆಂಚಿನ ಕೋಣೆಯಲ್ಲಿ ಎಷ್ಟು ಮಳೆ ಬಂದರೂ ಮಾತು ಕೇಳುತ್ತದೆ.

ನಮ್ಮ ಶಾಲೆಗೂ ಬನ್ನಿ. ಶುಕ್ರವಾರ ಆದೀತಾ? ಶಾಲು ಹಾರ ಹಾಕುವುದಿಲ್ಲ ಅಂತ ಈಗಲೇ ಮಾತು ಕೊಡುತ್ತೇನೆ.

* * *

ಮದ್ದಳೆಗಾರ
ಜುಲೈ 7, ಮಧ್ಯಾಹ್ನ 1:50

ಮೇಷ್ಟ್ರು ಹೇಳಿದ್ದು ಸರಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನದ ದೊಡ್ಡ ಮೇಳ ಗೆಜ್ಜೆ ಬಿಚ್ಚುತ್ತದೆ. ಆಮೇಲೆ ಮಳೆಗಾಲದಲ್ಲಿ ನಾವು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತೇವೆ. ಎರಡು ವೇಷ, ಭಾಗವತರು, ಚೆಂಡೆ, ಮದ್ದಳೆ. ಮುಂಚೆಯೇ ಚೀಟಿ ಕೊಟ್ಟು ಹೇಳಿರುತ್ತೇವೆ. ಮನೆಯವರು ಚಾವಡಿಯಲ್ಲಿ ದೀಪ ಇಟ್ಟು ಕಾಯುತ್ತಾರೆ. ಹತ್ತು ಹದಿನೈದು ನಿಮಿಷದ ಒಂದು ತುಂಡು ಪ್ರಸಂಗ. ಬಯಲಾಟದಲ್ಲಿ ನಿದ್ದೆ ಹೋಗುವ ಮಗು ಇಲ್ಲಿ ರೆಪ್ಪೆ ಹೊಡೆಯುವುದಿಲ್ಲ. ಯಾಕೆ ಅಂದರೆ ವೇಷದ ಬೆವರು ಮಗುವಿಗೆ ಕಾಣುತ್ತದೆ.

ನೀವು ಹೊರಟಿರುವುದೂ ಚಿಕ್ಕಮೇಳವೇ. ಮೈಕು ಯಾಕೆ ಹೊರುತ್ತೀರಿ?

* * *

ನೇರ ಮಾತು
ಜುಲೈ 7, ರಾತ್ರಿ 9:05

ಬೇಸರ ಮಾಡ್ಕೋಬೇಡಿ. ಮಕ್ಕಳಿಗೆ ನಮ್ಮ ದಾಸರ ಪದವೇ ಸರಿಯಾಗಿ ಬರುವುದಿಲ್ಲ. ಅದರ ಮಧ್ಯೆ ಯುರೋಪಿನ ಸಂಗೀತ ಯಾಕೆ? ಅಷ್ಟು ಶ್ರಮ ಪಟ್ಟು ನಾಲ್ಕು ಜನ ಹೋಗುವವರು ಒಂದು ಭಜನೆ ಕಲಿಸಿ ಬರಬಹುದಲ್ವಾ?

* * *

ಬಿಜೈ ಪಿಟೀಲು
ಜುಲೈ 7, ರಾತ್ರಿ 11:20

ಬೇಸರ ಇಲ್ಲ ಸರ್. ನಮ್ಮ ಅಮ್ಮನೂ ಇದನ್ನೇ ಕೇಳುವುದು.

ಭಜನೆ ಕಲಿಸುವವರು ನಮ್ಮ ಊರಲ್ಲಿ ನನಗಿಂತ ಚೆನ್ನಾಗಿ ಕಲಿಸುತ್ತಾರೆ. ನನಗೆ ಬರುವುದನ್ನು ನಾನು ಕೊಡಬೇಕು, ಅಷ್ಟೇ. ಮತ್ತೆ ಈ ನಮ್ಮದು, ಅವರದ್ದು ಅನ್ನುವ ಗೆರೆ ನನಗೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರ ಹತ್ತಿರ ಪಿಟೀಲು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಅಣ್ಣ ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರ ಮಾಡಿದರು. ಇನ್ನು ನಮ್ಮ ಕದ್ರಿ ಗೋಪಾಲನಾಥರು. ಬೆಲ್ಜಿಯಂನವನೊಬ್ಬ ಮಾಡಿದ ಸ್ಯಾಕ್ಸೊಫೋನನ್ನು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮರುಳಾಗಿ, ಅದರಲ್ಲೇ ಗಮಕ ತೆಗೆದು 2004ರಲ್ಲಿ ಪದ್ಮಶ್ರೀ ಪಡೆದರು. ಇವತ್ತು ನಮ್ಮ ಕಡೆ ಮದುವೆ, ದೈವದ ನೇಮ ಯಾವುದಕ್ಕೂ ಸ್ಯಾಕ್ಸೊಫೋನ್ ಬೇಕೇ ಬೇಕು. ಅದನ್ನು ಯಾರೂ ಪರದೇಶಿ ಅನ್ನುವುದಿಲ್ಲ.

ಮೇಷ್ಟ್ರೇ, ಶುಕ್ರವಾರ ಖಂಡಿತ. ಮದ್ದಳೆಗಾರರೇ, ನಿಮ್ಮ ಬೆವರಿನ ಮಾತು ಮಾಮನಿಗೆ ಓದಿ ಹೇಳಿದೆ. ಅವರು ಫೋನಿನಲ್ಲೇ ನಕ್ಕರು. ಚೇಂಬರ್ ಮ್ಯೂಸಿಕ್ ಅಂದರೆ ಅರ್ಥವೇ ಕೋಣೆಯ ಸಂಗೀತ, ಅದನ್ನು ಮೈದಾನಕ್ಕೆ ಒಯ್ದದ್ದು ನಮ್ಮ ತಪ್ಪು ಅಂದರು.

* * *

ಮಣಿಪಾಲ ತಂತಿ
ಜುಲೈ 8, ಬೆಳಿಗ್ಗೆ 8:30

ಕೇಳದಿದ್ದರೂ ಹೇಳುತ್ತೇನೆ, ವಾದ್ಯದ ಬಗ್ಗೆ. ಜುಲೈ ಕೊನೆಗೆ ಗಾಳಿಯೇ ಒದ್ದೆ. ಕಮಾನಿನ ಕೂದಲು ಉದ್ದ ಆಗಿ ಸಡಿಲ ಬೀಳುತ್ತದೆ. ತಿರುಪು ಬಿಗಿ ಮಾಡಿ ನುಡಿಸಿ, ಆದರೆ ಮುಗಿದ ಕೂಡಲೇ ಬಿಚ್ಚಿ. ಹಾಗೇ ಬಿಟ್ಟು ಎಸಿ ಕಾರಿಗೆ ಹೋದರೆ ಕೂದಲು ಒಣಗಿ ಕುಗ್ಗಿ ಕಮಾನಿನ ತಲೆ ಮುರಿಯಬಹುದು. ಬಿರಡೆಗಳೂ ಹಾಗೆಯೇ. ಹೊರಗೆ ಉಬ್ಬಿ ಹಿಡಿದುಕೊಳ್ಳುತ್ತವೆ, ಎಸಿಯಲ್ಲಿ ಜಾರುತ್ತವೆ. ಕಾರಿನಲ್ಲಿ ಎಸಿ ಹಾಕಲೇಬೇಡಿ, ನೀವು ಬೆವರಿ.

ಚೆಲ್ಲೊದ ಅಂಚಿನ ಅಂಟು ಬಿಟ್ಟರೆ ಒಳಗೆ ಜೀರುಂಡೆ ಇದ್ದ ಹಾಗೆ ಸದ್ದು ಬರುತ್ತದೆ. ದಯವಿಟ್ಟು ಫೆವಿಕಾಲ್ ಹಚ್ಚಬೇಡಿ. ವಾದ್ಯಕ್ಕೆ ಹಾಕುವುದು ಚರ್ಮದಿಂದ ಕಾಯಿಸಿದ ಅಂಟು, ಬೇಕಾದಾಗ ಬಿಚ್ಚಲು ಬರುತ್ತದೆ. ಫೆವಿಕಾಲ್ ಆದರೆ ರಿಪೇರಿಯವರು ಬಿಚ್ಚುವಾಗ ಮರವೇ ಕಿತ್ತು ಬರುತ್ತದೆ.

* * *

ಬಿಜೈ ಪಿಟೀಲು
ಆಗಸ್ಟ್ 4, ಸಂಜೆ 5:10

ವಾರ ಮುಗಿಯಿತು. ಕೇಳಿ ಸಲಹೆ ತೆಗೆದುಕೊಂಡ ಮೇಲೆ ಏನಾಯಿತು ಅಂತ ಹೇಳಬೇಕಲ್ವಾ? ಸ್ವಲ್ಪ ಉದ್ದ ಆದೀತು.

ಸೋಮವಾರ ಮಂಗಳೂರಿನ ಒಂದು ದೊಡ್ಡ ಶಾಲೆ. ಕ್ಲಾಸಿನಿಂದ ಕ್ಲಾಸಿಗೆ ಅಂತ ಫೋನಿನಲ್ಲಿ ಮೂರು ಸಲ ಹೇಳಿದ್ದೆ, ಆಗಲಿ ಮೇಡಂ ಅಂದಿದ್ದರು. ಹೋಗಿ ನೋಡಿದರೆ ವೇದಿಕೆ, ಬ್ಯಾನರು, ಐದು ಕುರ್ಚಿ. ಮುಖ್ಯ ಅತಿಥಿ ಮುಕ್ಕಾಲು ಗಂಟೆ ತಡ. ಕೊನೆಗೆ ನಮಗೆ ಹನ್ನೆರಡು ನಿಮಿಷ, ಅದರಲ್ಲಿ ಎರಡು ನಿಮಿಷ ಮೈಕು ಕಿರುಚಿತು. ಮೇಷ್ಟ್ರು ಬರೆದದ್ದನ್ನು ಅಕ್ಷರ ಬಿಡದೆ ನಡೆಸಿಕೊಟ್ಟರು. ನಾಲ್ಕು ಶಾಲು ಸಿಕ್ಕಿತು. ಅದರ ಕಥೆ ಮುಂದೆ ಬರುತ್ತದೆ.

ಮಂಗಳವಾರ ಸುರತ್ಕಲ್ ಕಡೆಯ ಶಾಲೆ ಇತ್ತು. ಬೆಳಿಗ್ಗೆ ಆರೂವರೆಗೆ ಶಿಷ್ಯೆಯ ಮೆಸೇಜು: ಮಳೆಗೆ ದಕ್ಷಿಣ ಕನ್ನಡದಲ್ಲಿ ಡಿಸಿ ರಜೆ ಕೊಟ್ಟಿದ್ದಾರೆ. ಉಡುಪಿ ಜಿಲ್ಲೆಯಲ್ಲಿ ಕೊಟ್ಟಿರಲಿಲ್ಲ. ಬುಧವಾರ ಹೋಗಬೇಕಿದ್ದ ಕಾರ್ಕಳದ ಶಾಲೆಗೆ ಚೆಲ್ಲೊ ಹುಡುಗನೇ ಫೋನ್ ಮಾಡಿದ. ಅವನ ಚಿಕ್ಕಮ್ಮ ಅಲ್ಲಿ ಟೀಚರು, ಹಾಗಾಗಿ ಬನ್ನಿ ಅಂದರು. ಮೂಡುಬಿದಿರೆ ದಾರಿಯಲ್ಲಿ ಹೊರಟೆವು. ಚೆಲ್ಲೊಗೆ ಮುಂದಿನ ಸೀಟು, ಬೆಲ್ಟು ಸಹ. ಮಾಮ ಹಿಂದೆ ನಮ್ಮಿಬ್ಬರ ನಡುವೆ ಮಡಚಿಕೊಂಡು ಕೂತರು. ಎಸಿ ಹಾಕಲಿಲ್ಲ. ಮಳೆಗೆ ಕಿಟಕಿಯೂ ತೆರೆಯುವ ಹಾಗಿಲ್ಲ. ಮಣಿಪಾಲದವರನ್ನು ನಾವು ದಾರಿಯುದ್ದಕ್ಕೂ ನೆನೆಸಿಕೊಂಡೆವು.

ನಾಲ್ಕನೇ ಕ್ಲಾಸು, ಹೆಂಚಿನ ಮಾಡು, ಇಪ್ಪತ್ತೆಂಟು ಮಕ್ಕಳು. ಮೊದಲ ಸಾಲಿನ ಮಗುವಿನ ಮೊಣಕಾಲು ನನ್ನ ಚಪ್ಪಲಿಗೆ ತಾಗುತ್ತಿತ್ತು. ನಾನು ಮಾತು ಶುರು ಮಾಡುವ ಮೊದಲೇ ಒಬ್ಬ ಚೆಲ್ಲೊ ತೋರಿಸಿ ಕೇಳಿದ, ಅದು ಅಜ್ಜ ಪಿಟೀಲಾ ಅಂತ. ಹೌದು ಅಂದೆ. ಆಮೇಲೆ ಅವರೇ ನೆಂಟಸ್ತನ ಹಚ್ಚಿದರು. ವಯೋಲಾ ಅಮ್ಮ, ನಮ್ಮ ವಯಲಿನ್ ಎರಡೂ ಅವಳಿ ಮಕ್ಕಳು. ವಾರವಿಡೀ ನಮಗೆ ಇದೇ ಹೆಸರು.

ಪಾಖೆಲ್ಬೆಲ್‌ನ ಕ್ಯಾನನ್ ನುಡಿಸಿದೆವು. ಬರೆದದ್ದು ಮೂರು ವಯಲಿನ್‌ಗೆ, ಮೂರನೆಯದನ್ನು ಮಾಮ ವಯೋಲಾದಲ್ಲಿ ನುಡಿಸುತ್ತಾರೆ. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಹಿಂದಿನಿಂದ ಹಿಡಿಯುತ್ತಾಳೆ, ಮುಟ್ಟಾಟದ ಹಾಗೆ. ಆದರೆ ಅಜ್ಜ ಪಿಟೀಲಿಗೆ ಬರೀ ಎಂಟು ಸ್ವರ. ಅದನ್ನೇ 28 ಸಲ ನುಡಿಸಬೇಕು. ಚೆಲ್ಲೊ ಹುಡುಗನಿಗೆ ಈ ತುಂಡು ಕಂಡರೆ ಆಗುವುದಿಲ್ಲ. ಮದುವೆಯಲ್ಲಿ ನುಡಿಸುವಾಗ ಆಕಳಿಸುತ್ತಾನೆ. ಇಲ್ಲಿ ನಾನು ಆ ಎಂಟನ್ನು ಸ್ವರದಲ್ಲಿ ಹೇಳಿಕೊಟ್ಟೆ: ಸ ಪ ದ ಗ ಮ ಸ ಮ ಪ. ಎಂಟು ಅಂದರೆ ಆದಿತಾಳಕ್ಕೆ ಸರಿಯಾಗಿ ಒಂದು ಸುತ್ತು. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು ಬೀಸು, ಪೆಟ್ಟು ಬೀಸು. ಎರಡು ನಿಮಿಷದಲ್ಲಿ ಕಲಿತರು. ನಾವು ಮೂವರು ಮೇಲೆ ಎಷ್ಟು ಓಡಾಡಿದರೂ ಕೆಳಗೆ ಇಪ್ಪತ್ತೆಂಟು ಮಕ್ಕಳ ಸ ಪ ದ ಗ ಅಲುಗಲಿಲ್ಲ. ಹುಡುಗ ಕಮಾನು ಕೆಳಗಿಟ್ಟು ಅವರ ಜೊತೆ ತಾಳ ಹಾಕುತ್ತಾ ಕೂತುಬಿಟ್ಟ. ಅವನ ಕೆಲಸ ಮಕ್ಕಳು ಮಾಡುತ್ತಿದ್ದರು, ಅವನೇಕೆ ನುಡಿಸಬೇಕು?

ಅಲ್ಲಿಯೇ ಇನ್ನೊಂದು ಆಯಿತು. ನಾನು ಟ್ವಿಂಕಲ್ ಟ್ವಿಂಕಲ್ ನುಡಿಸಿ, ಇದು ಯಾವುದು ಹೇಳಿ ಅಂದೆ. ಎಲ್ಲರೂ ಕೂಗಿದರು. ಮೂಲೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ಅಲ್ಲ ಅಂದಳು. ಎದ್ದು ನಿಂತು ಶ್ಯಾಮಲೇ ಮೀನಾಕ್ಷಿ ಅಂತ ಹಾಡಿಯೇ ಹಾಡಿದಳು. ದೀಕ್ಷಿತರ ನೊಟ್ಟುಸ್ವರ, ಅದೇ ಧಾಟಿ. ಸಂಗೀತ ಕ್ಲಾಸಿಗೆ ಹೋಗುತ್ತಾಳಂತೆ. ನೇರ ಮಾತು ಸರ್, ನಾನು ನಿಮಗೆ ಇಷ್ಟುದ್ದ ಬರೆದದ್ದನ್ನು ಆ ಮಗು ಅರ್ಧ ನಿಮಿಷದಲ್ಲಿ ಹೇಳಿತು.

ಬುಧವಾರ ಎರಡೂ ಜಿಲ್ಲೆಗೆ ರಜೆ. ಉಡುಪಿಯಲ್ಲಿ ಮಾಮನ ಮನೆಯಲ್ಲೇ ಉಳಿದೆವು. ಕಾರಿನಿಂದ ಮನೆ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಅಷ್ಟರಲ್ಲಿ ಚೆಲ್ಲೊ ಚೀಲದ ಮೇಲೆ ನೀರು ಇಳಿಯುತ್ತಿತ್ತು. ಸೋಮವಾರದ ನಾಲ್ಕೂ ಶಾಲು ಅದಕ್ಕೆ ಸುತ್ತಿದೆವು. ಸನ್ಮಾನ ಚೆಲ್ಲೊಗೆ ಸಂದಿತು. ಸಂಜೆ ಅತ್ತೆ ಗೋಳಿಬಜೆ ಕರಿದರು, ಪಕ್ಕದ ಮನೆಯವರು ಬಂದರು, ಕರೆಂಟು ಹೋಯಿತು. ಎಮರ್ಜೆನ್ಸಿ ಲೈಟಿನಲ್ಲಿ ಹೈಡನ್ ಅನ್ನುವ ಆಸ್ಟ್ರಿಯಾದ ಸಂಗೀತಗಾರ ಬರೆದದ್ದನ್ನು ನುಡಿಸಿದೆವು. ಹನ್ನೆರಡು ಜನ ಇದ್ದರು ಅಂತ ಕಾಣುತ್ತದೆ. ಮಾಮ ಇಪ್ಪತ್ತು ವರ್ಷದಿಂದ ವಯೋಲಾ ನುಡಿಸುತ್ತಾರೆ, ಪಕ್ಕದ ಮನೆಯವರಿಗೆ ಅದು ವಯಲಿನ್ ಅಲ್ಲ ಅಂತ ಗೊತ್ತಾದದ್ದೇ ಅವತ್ತು.

ಗುರುವಾರ ಉಡುಪಿಯ ಹೈಸ್ಕೂಲು, ಎಂಟು ಮತ್ತು ಒಂಬತ್ತನೇ ತರಗತಿ. ಇವರು ಕಷ್ಟ. ಕೈಕಟ್ಟಿ ನೋಡುತ್ತಾರೆ, ನಕ್ಕರೆ ಮರ್ಯಾದೆ ಹೋಗುತ್ತದೆ ಅನ್ನುವ ಹಾಗೆ. ಒಬ್ಬ ಕೇಳಿದ, ಮೇಡಂ ಇದರಲ್ಲಿ ತಿಂಗಳಿಗೆ ಎಷ್ಟು ಸಿಗುತ್ತದೆ? ನಾನು ನಿಜವಾದ ಲೆಕ್ಕ ಹೇಳಿದೆ. ಒಂದು ರಿಸೆಪ್ಷನ್‌ಗೆ ಎಷ್ಟು, ಕಾರಿಗೆ ಎಷ್ಟು, ತಂತಿ ಒಂದು ಸೆಟ್ಟಿಗೆ ಎಷ್ಟು. ಅಲ್ಲಿಂದ ಅವರು ಸಡಿಲ ಆದರು. ಸಂಗೀತಕ್ಕಿಂತ ಜಾಸ್ತಿ ಆ ಲೆಕ್ಕವನ್ನೇ ಕೇಳಿದರು. ಇರಲಿ ಬಿಡಿ. ಅಲ್ಲೇ ಚೆಲ್ಲೊದಲ್ಲಿ ಜೀರುಂಡೆ ಸದ್ದು ಶುರು. ನೋಡಿದರೆ ಕೆಳಗಿನ ಅಂಚು ಒಂದು ಬೆರಳಿನಷ್ಟು ಬಾಯಿ ತೆರೆದಿತ್ತು. ಶಾಲೆಯ ಆಫೀಸಿನವರು ಪ್ರೀತಿಯಿಂದ ಫೆವಿಕಾಲ್ ಬಾಟಲಿಯನ್ನೇ ತಂದರು. ಹುಡುಗ ಚೆಲ್ಲೊಗೆ ಅಡ್ಡ ನಿಂತ. ಉಳಿದ ದಿನ ಮೆಲ್ಲಗೆ ನುಡಿಸಿ ಸುಧಾರಿಸಿದ, ಈಗ ಅದು ಬೆಂಗಳೂರಿನಲ್ಲಿ ರಿಪೇರಿಗೆ ಹೋಗಿದೆ.

ಶುಕ್ರವಾರ ಮೇಷ್ಟ್ರ ಶಾಲೆ. ಮೂರು ಕ್ಲಾಸು, ಮೂರರಲ್ಲೂ ಬೆಂಚು ಮೊದಲೇ ಗೋಡೆಗೆ ತಳ್ಳಿ ಇಟ್ಟಿದ್ದರು. ಐದನೇ ಕ್ಲಾಸಿನ ಒಬ್ಬ ಯಕ್ಷಗಾನ ಕಲಿಯುತ್ತಾನೆ. ಕ್ಯಾನನ್ ಕೇಳಿ, ಇದು ಏಕತಾಳ ಎರಡು ಸಲ ಅಲ್ದಾ ಅಂದ. ಬೆಂಚಿನ ಮೇಲೆ ಬೆರಳಲ್ಲಿ ನುಡಿಸಿ ತೋರಿಸಿದ. ಮದ್ದಳೆಗಾರರೇ, ಆ ಹುಡುಗನನ್ನು ನೀವು ನೋಡಬೇಕಿತ್ತು.

ಕೊನೆಗೆ ಏಳನೇ ಕ್ಲಾಸಿಗೆ ಹೈಡನ್‌ನ ಒಂದು ಕ್ವಾರ್ಟೆಟ್‌ನ ಕಡೇ ಭಾಗ ಇಟ್ಟಿದ್ದೆವು. 1781ರಲ್ಲಿ ಬರೆದದ್ದು, ಅದಕ್ಕೆ ಜೋಕ್ ಅಂತಲೇ ಅಡ್ಡಹೆಸರು. ಮುಗಿಯಿತು ಅನ್ನಿಸುವಾಗ ಮುಗಿಯುವುದಿಲ್ಲ. ಒಂದು ಸಾಲು ನುಡಿಸಿ ನಿಲ್ಲುತ್ತದೆ. ಮತ್ತೊಂದು ಸಾಲು, ಮತ್ತೆ ಮೌನ. ಆಮೇಲೆ ಒಂದು ದೊಡ್ಡ ಮೌನ. ಕೇಳುವವರು ಚಪ್ಪಾಳೆ ತಟ್ಟಿಬಿಡಬೇಕು, ಆಗ ಮೊದಲ ಸಾಲು ಪಿಸುಮಾತಿನಲ್ಲಿ ಮತ್ತೆ ಬರಬೇಕು. ಅದೇ ತಮಾಷೆ. ನಾನು ಮಕ್ಕಳಿಗೆ ಹೇಳಿದ್ದೆ, ಯಾರು ಮೊದಲು ಚಪ್ಪಾಳೆ ಹೊಡೆಯುತ್ತಾರೋ ಅವರು ಸೋತ ಹಾಗೆ. ಇಷ್ಟು ಬಿಗಿಯಾದ ಮೌನ ನಾನು ಯಾವ ಕಛೇರಿಯಲ್ಲೂ ಕಂಡಿಲ್ಲ. ಉಸಿರು ಬಿಗಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿದೆ. ಆ ದೊಡ್ಡ ಮೌನ ಬಂತು. ನಾವು ನಾಲ್ವರೂ ಕಮಾನು ಎತ್ತಿ ಹಿಡಿದಿದ್ದೇವೆ.

ಬಿಸಿಯೂಟದ ಕೋಣೆಯಿಂದ ಕುಕ್ಕರ್ ಸೀಟಿ ಹೊಡೆಯಿತು.

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಮ ಕಣ್ಣೊರೆಸಿಕೊಂಡರು. ಶಿಷ್ಯೆಗೆ ಕಮಾನು ಹಿಡಿಯಲು ಆಗಲಿಲ್ಲ. ಕೊನೆಯ ಸಾಲು ನಾವು ನುಡಿಸಲೇ ಇಲ್ಲ.

ಶನಿವಾರ ಮಂಗಳೂರಿನ ಸಂಜೆಯ ಕಛೇರಿಗೆ ಮೂವತ್ತು ಮೂವತ್ತೈದು ಜನ ಬಂದಿದ್ದರು. ಚೆನ್ನಾಗಿ ಆಯಿತು. ಅದೇ ಹೈಡನ್ ನುಡಿಸಿದೆವು, ಎಲ್ಲರಿಗೂ ಮೊದಲೇ ಗೊತ್ತಿತ್ತು, ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟಿದರು.

ಬಿಟ್ಟುಹೋದ ಸುರತ್ಕಲ್ ಕಡೆಯ ಶಾಲೆಗೆ ಸ್ವಾತಂತ್ರ್ಯ ದಿನ ಕಳೆದ ಮೇಲೆ ಹೋಗಬೇಕು. ಈಗ ಅಲ್ಲಿ ಕವಾಯತು ಅಭ್ಯಾಸ ನಡೆಯುತ್ತಿದೆ. ಡ್ರಮ್ಮಿನ ಎದುರು ನಮ್ಮದು ನಡೆಯುವುದಿಲ್ಲ.

* * *

ಮದ್ದಳೆಗಾರ
ಆಗಸ್ಟ್ 4, ರಾತ್ರಿ 8:00

ಏಕತಾಳ ಅಂದ ಹುಡುಗ ಯಾರ ಹತ್ತಿರ ಕಲಿಯುವುದು? ಮೇಷ್ಟ್ರೇ, ನನಗೆ ಪ್ರತ್ಯೇಕ ಮೆಸೇಜು ಹಾಕಿ.

* * *

ನೇರ ಮಾತು
ಆಗಸ್ಟ್ 4, ರಾತ್ರಿ 9:30

ಶ್ಯಾಮಲೇ ಮೀನಾಕ್ಷಿ ಹುಡುಕಿ ಕೇಳಿದೆ. ಹೌದು, ಅದೇ ಧಾಟಿ. ಆದರೂ ಮುಂದಿನ ಸಲ ಒಂದು ದಾಸರ ಪದ ಸೇರಿಸಿ. ನಾಲ್ಕು ಪಿಟೀಲಿನಲ್ಲಿ ಹೇಗೆ ಕೇಳುತ್ತದೆ ಅಂತ ನನಗೂ ಕುತೂಹಲ ಉಂಟು.

* * *

ಕುಂದಾಪುರದ ಮೇಷ್ಟ್ರು
ಆಗಸ್ಟ್ 5, ಬೆಳಿಗ್ಗೆ 6:20

ಅಕ್ಕ, ನಮ್ಮ ಅಡುಗೆಯವರಿಗೆ ಇದನ್ನು ಓದಿ ಹೇಳಿದೆ. ನಾನು ಬೇಕಂತ ಮಾಡಿದ್ದಲ್ಲ, ಬೇಳೆ ಇಟ್ಟಿದ್ದೆ ಅಂತ ಎರಡು ಸಲ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಬಂದು ಕೇಳಿದರು, ಆ ಪಿಸುಮಾತಿನ ಕೊನೇ ಸಾಲು ಹೇಗಿತ್ತಂತೆ ಅಂತ. ಏಳನೇ ಕ್ಲಾಸಿನವರೂ ಅದನ್ನೇ ಕೇಳುತ್ತಿದ್ದಾರೆ. ಒಮ್ಮೆ ಫೋನಿನಲ್ಲಿ ನುಡಿಸಿ ಕಳಿಸುತ್ತೀರಾ?